ಗಾಲಿಕುರ್ಚಿಯಲ್ಲಿ ಕರಾವಳಿ: ಚೀಲ ಕಾಯದ ನಾಲ್ಕು ದಿನ

ಒಂಬತ್ತು ವರ್ಷಗಳ ಹಿಂದೆ ನಡೆದ ರಸ್ತೆ ಅಪಘಾತವೊಂದರಲ್ಲಿ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಕೆಳಗೆ ನನಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಆಗ ಒಂದೂವರೆ ವರ್ಷದವಳಾಗಿದ್ದ ಮಗಳು ಈಗ ಐದನೆಯ ತರಗತಿಯಲ್ಲಿದ್ದಾಳೆ. ಅವಳ ನೆನಪಿನಲ್ಲಿರುವುದು ಗಾಲಿಕುರ್ಚಿಯಲ್ಲಿ ಕುಳಿತ ಅಪ್ಪ ಮಾತ್ರ. ಜಾತ್ರೆ, ಎಕ್ಸಿಬಿಷನ್, ಆಟದ ಪಾರ್ಕು ಎಲ್ಲಿಗೇ ಹೋಗಲಿ, ಇಷ್ಟು ವರ್ಷ ನನ್ನ ಪಾಲಿಗೆ ಬಂದ ಕೆಲಸ ಒಂದೇ ಆಗಿತ್ತು. ಎಲ್ಲರೂ ಆಟಗಳ ಕಡೆಗೆ ಹೋದ ಮೇಲೆ ನೆರಳು ನೋಡಿ ಕುಳಿತು ಚೀಲ, ಚಪ್ಪಲಿ, ಮೊಬೈಲುಗಳನ್ನು ಕಾಯುವುದು. ಕಳೆದ ವರ್ಷ ಮಗಳು ತನ್ನ ಗೆಳತಿಗೆ ಫೋನಿನಲ್ಲಿ, "ನಮ್ಮಪ್ಪನೂ ಬರ್ತಾರೆ, ಲಾಕರ್‌ಗೆ ದುಡ್ಡು ಕೊಡೋದು ಬೇಡ" ಎಂದದ್ದು ಕಿವಿಗೆ ಬಿತ್ತು. ಅವಳು ಸಹಜವಾಗಿ ಆಡಿದ ಮಾತು ಅದು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈ ಡಿಸೆಂಬರ್ ಮೊದಲ ವಾರ ಮಂಗಳೂರು ಮತ್ತು ಉಡುಪಿಯ ಕಡೆ ನಾಲ್ಕು ದಿನ ತಿರುಗಿ ಬಂದದ್ದರ ಹಿಂದೆ ಇರುವುದು ಆ ಒಂದು ಮಾತು.

ಕೋಣೆ ಗೊತ್ತುಮಾಡುವಾಗ ಅನುಭವದಿಂದ ಕಲಿತ ಒಂದು ಪಾಠ ಉಪಯೋಗಕ್ಕೆ ಬಂತು. "ಗಾಲಿಕುರ್ಚಿ ಒಳಗೆ ಬರುತ್ತದೆಯೇ" ಎಂದು ಕೇಳಿದರೆ ಯಾವ ವಸತಿಗೃಹದವರೂ ಇಲ್ಲವೆನ್ನುವುದಿಲ್ಲ. ಹೋದ ಮೇಲೆ "ಎರಡೇ ಮೆಟ್ಟಿಲು ಸರ್, ಹುಡುಗರು ಎತ್ತುತ್ತಾರೆ" ಎನ್ನುತ್ತಾರೆ. ಆದ್ದರಿಂದ ನಾನು ಈಗ ಕೇಳುವ ಪ್ರಶ್ನೆಗಳೇ ಬೇರೆ. ರಸ್ತೆಯಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು? ಬಚ್ಚಲಿನ ಬಾಗಿಲು ಎಷ್ಟು ಇಂಚು? ನನ್ನ ಕುರ್ಚಿಯ ಹೊರ ಅಗಲ 25 ಇಂಚು. ಮಂಗಳೂರಿನ ಒಂದು ಸಣ್ಣ ವಸತಿಗೃಹದ ಹುಡುಗ ಟೇಪು ಹಿಡಿದು ಬಾಗಿಲನ್ನು ಅಳೆದು, 28 ಎಂದು ಕಾಣುವಂತೆ ಫೋಟೊ ತೆಗೆದು ಕಳುಹಿಸಿದ. ಉಳಿದ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ ಅವನಿಗೇ ಮುಂಗಡ ಕಳುಹಿಸಿದೆವು.

ಮೊದಲ ದಿನ: ಹದಿನಾಲ್ಕು ತಿರುವುಗಳು

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಶಿವಮೊಗ್ಗ ಬಿಟ್ಟೆವು. ಕಾರು ಓಡಿಸಿದವಳು ನನ್ನ ಹೆಂಡತಿ. ಡಿಕ್ಕಿಯಲ್ಲಿ ಮಡಿಸಿದ ಕುರ್ಚಿ, ಅದರ ಮುಂಭಾಗಕ್ಕೆ ಸಿಕ್ಕಿಸುವ ಮೋಟಾರು ಗಾಲಿ, ಗಾಳಿಯ ಪಂಪು, ಪಂಕ್ಚರ್ ಸಾಮಾನು, ಕುರ್ಚಿಯಿಂದ ಬೇರೆ ಆಸನಕ್ಕೆ ಜಾರಿಕೊಳ್ಳಲು ಬಳಸುವ ನುಣುಪಾದ ಹಲಗೆ. ಮೋಟಾರು ಗಾಲಿಯನ್ನು ಸಿಕ್ಕಿಸಿದರೆ ಗಾಲಿಕುರ್ಚಿಯೇ ಮೂರು ಚಕ್ರದ ಸ್ಕೂಟರಾಗುತ್ತದೆ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಬೋಲ್ಟ್‌ನಂಥ ಸಾಧನಗಳು ಗಂಟೆಗೆ 25 ಕಿಲೋಮೀಟರ್ ವೇಗದವರೆಗೂ ಓಡುತ್ತವೆ. ನನಗೆ ಅಷ್ಟು ವೇಗ ಬೇಕಿಲ್ಲ, ಏರಿನಲ್ಲಿ ಹೆಂಡತಿ ಹಿಂದಿನಿಂದ ತಳ್ಳದಿದ್ದರೆ ಸಾಕು.

ತೀರ್ಥಹಳ್ಳಿಯವರೆಗೆ ರಸ್ತೆಯ ಎರಡೂ ಬದಿಯ ಅಡಿಕೆ ತೋಟಗಳ ಮೇಲೆ ಮಂಜು ಕುಳಿತಿತ್ತು. ಆಗುಂಬೆಯಲ್ಲಿ ಕಾಫಿ ಕುಡಿದು ಘಾಟಿ ಇಳಿಯತೊಡಗಿದೆವು. ಈ ಘಾಟಿಯ 14 ತಿರುವುಗಳನ್ನು ಎಲ್ಲರೂ ನೋಟಕ್ಕಾಗಿ ನೆನೆಯುತ್ತಾರೆ. ಸೊಂಟದ ಹಿಡಿತವಿಲ್ಲದವನಿಗೆ ಪ್ರತಿಯೊಂದು ತಿರುವೂ ಒಂದು ಕೆಲಸ. ಕಾರು ಎಡಕ್ಕೆ ಹೊರಳಿದರೆ ದೇಹ ಬಲಕ್ಕೆ ವಾಲುತ್ತದೆ, ವಾಲಿದ ದೇಹವನ್ನು ತೋಳಿನ ಬಲದಿಂದ ಎಳೆದು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಹೆಂಡತಿ ಎದೆಗೆ ಅಡ್ಡಲಾಗಿ ಅಗಲದ ಪಟ್ಟಿಯೊಂದನ್ನು ಕಟ್ಟಿದ್ದಳು. ಹಿಂದಿನ ಸೀಟಿನಲ್ಲಿದ್ದ ಮಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲು ಕೂಗಿದಾಗ "ಅಪ್ಪ, ಎತ್ತು" ಎನ್ನುತ್ತಿದ್ದಳು. ಸ್ಪರ್ಶವಿಲ್ಲದವರು ಒಂದೇ ಭಂಗಿಯಲ್ಲಿ ಕುಳಿತರೆ ಒತ್ತಡ ಬಿದ್ದ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಆ ಹುಣ್ಣು ಮಾಯಲು ತಿಂಗಳುಗಳೇ ಹಿಡಿಯಬಹುದು. ಅದಕ್ಕಾಗಿ ಎರಡೂ ಅಂಗೈ ಊರಿ, ಮೈಯನ್ನು ಆಸನದಿಂದ ಮೇಲೆತ್ತಿ, ಅರ್ಧ ನಿಮಿಷ ಹಾಗೆಯೇ ಹಿಡಿದಿರಬೇಕು. ಅಪ್ಪನ ಮೈ ಎತ್ತಿಸುವ ಈ ಕೆಲಸವನ್ನು ಅವಳು ಎರಡನೆಯ ತರಗತಿಯಿಂದ ಮಾಡುತ್ತಾ ಬಂದಿದ್ದಾಳೆ.

ಘಾಟಿ ಇಳಿದು ಹೆಬ್ರಿಯ ಹತ್ತಿರ ಒಂದು ಹೋಟೆಲಿನ ಮುಂದೆ ನಿಂತಾಗ ಗಾಳಿ ಬದಲಾಗಿತ್ತು. ಸ್ವೆಟರ್ ತೆಗೆದರೂ ಬೆನ್ನು ಬೆವರುತ್ತಿತ್ತು. ಹೋಟೆಲಿಗೆ ಮೂರು ಮೆಟ್ಟಿಲು. ನಾನು ಕಾರಿನಿಂದ ಕುರ್ಚಿಗೆ ಜಾರಿಕೊಂಡು ಮೆಟ್ಟಿಲ ಮುಂದೆ ನಿಂತು, ಹಿಂದಕ್ಕೆ ತಿರುಗಿ ಹತ್ತುವುದೋ ಹೊರಗೇ ಚಹಾ ತರಿಸುವುದೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದ ರಿಕ್ಷಾ ನಿಲ್ದಾಣದಿಂದ ನಾಲ್ವರು ಓಡಿ ಬಂದು, ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯನ್ನು ಎತ್ತಿಬಿಟ್ಟರು. ಒಬ್ಬರು ಹಿಡಿದದ್ದು ಕೈಯಾಸರೆಯನ್ನು. ಅದು ಕಳಚಿ ತೆಗೆಯುವಂಥದ್ದು. ಎರಡನೆಯ ಮೆಟ್ಟಿಲಿನ ಮೇಲೆ ಅದು ಕಳಚಿಕೊಂಡು ಅವರ ಕೈಗೇ ಬಂತು, ಕುರ್ಚಿ ಎಡಕ್ಕೆ ವಾಲಿತು. ಇನ್ನೊಬ್ಬರು ನನ್ನ ಅಂಗಿಯನ್ನು ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ನನ್ನ ಕೈ ನಡುಗುತ್ತಿತ್ತು.

ಬಿಸಿ ಗೋಳಿಬಜೆಯ ತಟ್ಟೆ ಬಂದ ಮೇಲೆ ಆ ನಾಲ್ವರನ್ನೂ ಚಹಾಕ್ಕೆ ಕರೆದೆ. ಎತ್ತಲೇಬೇಕಾಗಿ ಬಂದರೆ ಕುರ್ಚಿಯ ಚೌಕಟ್ಟಿನ ಕೊಳವೆಯನ್ನೇ ಹಿಡಿಯಬೇಕು, ಕಳಚುವ ಭಾಗವನ್ನಾಗಲಿ ತಿರುಗುವ ಚಕ್ರವನ್ನಾಗಲಿ ಹಿಡಿಯಬಾರದು, ಎಲ್ಲಕ್ಕಿಂತ ಮೊದಲು ಕುಳಿತವರನ್ನು ಕೇಳಬೇಕು ಎಂದು ತೋರಿಸಿ ಹೇಳಿದೆ. ಅಂಗಿ ಹಿಡಿದವರು ನಡುವಯಸ್ಸಿನ ರಿಕ್ಷಾ ಚಾಲಕರು. ಅವರು ಸ್ವಲ್ಪ ಯೋಚಿಸಿ, "ಕೇಳಿದ್ರೆ ನೀವು ಬೇಡ ಅಂತ ಹೇಳ್ತೀರಲ್ಲ ಸರ್. ಸಂಕೋಚದಲ್ಲಿ ಎಲ್ಲರೂ ಬೇಡ ಅಂತಲೇ ಹೇಳುದು. ಅದಕ್ಕೆ ನಾವು ಕೇಳುದಿಲ್ಲ" ಎಂದರು. ಆ ಮಾತಿನಲ್ಲಿದ್ದ ಪ್ರೀತಿ ನನಗೆ ಅರ್ಥವಾಯಿತು. ಆದರೂ ಎತ್ತಿಸಿಕೊಂಡು ಹೋಗುವುದೂ ಹೋಗುವುದೂ ಒಂದೇ ಅಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದೆಂದು ಉಡುಪಿ ದಾಟುವವರೆಗೂ ಯೋಚಿಸುತ್ತಿದ್ದೆ. ಸಂಜೆ ನಾಲ್ಕಕ್ಕೆ ಮಂಗಳೂರು ತಲುಪಿ, ರಾತ್ರಿ ನೀರುದೋಸೆ ತಿಂದು ಮಲಗಿದೆವು. ಬಚ್ಚಲಿನ ಬಾಗಿಲು 28 ಇಂಚೇ ಇತ್ತು.

ಎರಡನೆಯ ದಿನ: ಪಿಲಿಕುಳ

ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ; ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಂತೆ. ನಗರದಿಂದ ವಾಮಂಜೂರಿನ ದಾರಿಯಲ್ಲಿರುವ ಪಿಲಿಕುಳ ನಿಸರ್ಗಧಾಮ ಒಂದೇ ದಿನದಲ್ಲಿ ಮುಗಿಯುವ ಜಾಗವಲ್ಲ. ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನ, ಕೆರೆ, ವಿಜ್ಞಾನ ಕೇಂದ್ರ, ತಾರಾಲಯ, ತುಳುನಾಡಿನ ಹಳೆಯ ಜಮೀನುದಾರ ಮನೆತನದ ಗುತ್ತಿನ ಮನೆಯ ಮಾದರಿ ಎಲ್ಲವೂ ದೂರ ದೂರ ಹರಡಿಕೊಂಡಿವೆ. ಗಾಲಿಕುರ್ಚಿಯವರು ಎಲ್ಲವನ್ನೂ ನೋಡುತ್ತೇನೆಂದು ಹೊರಡದೆ ಮೊದಲೇ ಎರಡನ್ನು ಆರಿಸಿಕೊಳ್ಳುವುದು ಒಳ್ಳೆಯದು. ನಾವು ಬೆಳಿಗ್ಗೆ ಪ್ರಾಣಿಗಳನ್ನೂ ಮಧ್ಯಾಹ್ನದ ಬಿಸಿಲಿಗೆ ತಾರಾಲಯವನ್ನೂ ಇಟ್ಟುಕೊಂಡೆವು.

ಕರಾವಳಿಯ ನೆಲ ಸಮತಟ್ಟೆಂದು ಘಟ್ಟದ ಮೇಲಿನವರು ತಿಳಿದಿರುತ್ತೇವೆ. ಸಮುದ್ರದ ಅಂಚನ್ನು ಬಿಟ್ಟರೆ ಇಲ್ಲಿಯೂ ಮುರಕಲ್ಲಿನ ಗುಡ್ಡಗಳೇ; ಪ್ರತಿ ರಸ್ತೆಯೂ ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೋಟಾರು ಗಾಲಿಯನ್ನು ಸಿಕ್ಕಿಸಿದ ಮೇಲೆ ನಾನು ಮುಂದೆ, ಮಗಳು ಓಡುತ್ತಾ ಹಿಂದೆ. "ಅಪ್ಪ, ನಿಧಾನ!" ಎಂದು ಅವಳು ಕೂಗಿದ್ದು ಅದೇ ಮೊದಲ ಸಲ.

ಯಾವ ಊರಿನ ಮೃಗಾಲಯಕ್ಕೆ ಹೋದರೂ ಗಾಲಿಕುರ್ಚಿಯವರಿಗೆ ಎದುರಾಗುವ ಒಂದು ಸಂಗತಿಯಿದೆ. ಕುಳಿತವನ ಕಣ್ಣು ನೆಲದಿಂದ ನಾಲ್ಕು ಅಡಿಗಿಂತ ಕೆಳಗಿರುತ್ತದೆ, ಕಟ್ಟೆಗಳನ್ನು ಕಟ್ಟುವುದು ನಿಂತವರ ಎದೆಯ ಅಳತೆಗೆ. ನನ್ನ ಎತ್ತರದಲ್ಲೇ ನಿಂತು ನೋಡುವವರು ಮಕ್ಕಳು. ಆದ್ದರಿಂದ ಮಕ್ಕಳು ಎಲ್ಲಿ ಗುಂಪುಗೂಡಿದ್ದಾರೋ ಅಲ್ಲಿಗೆ ಹೋದರೆ ನನಗೂ ಕಾಣುತ್ತದೆ ಎಂಬುದು ನಾನು ಕಂಡುಕೊಂಡ ಉಪಾಯ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಸಮವಸ್ತ್ರದ ಹುಡುಗರ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಂಡರು. ಒಬ್ಬ ಹುಡುಗ ನನ್ನ ಕಾಲನ್ನು ನೋಡಿ, "ನಿಮಗೆ ಚಿವುಟಿದ್ರೆ ಗೊತ್ತಾಗ್ತದಾ?" ಎಂದು ಕೇಳಿದ. ಇಲ್ಲವೆಂದೆ. "ಹಾಗಾದ್ರೆ ಇರುವೆ ಕಚ್ಚಿದ್ರೆ ಏನು ಮಾಡುದು?" ಎಂದ. ನಿಜಕ್ಕೂ ಒಳ್ಳೆಯ ಪ್ರಶ್ನೆ. ಪ್ರತಿ ರಾತ್ರಿ ಕನ್ನಡಿ ಹಿಡಿದು ಕಾಲನ್ನು ಪೂರ್ತಿ ನೋಡಿಕೊಳ್ಳುತ್ತೇನೆ ಎಂದು ಹೇಳಿದೆ. ಅವನು ತೃಪ್ತನಾಗಿ ಕಾಳಿಂಗ ಸರ್ಪದ ಕಡೆಗೆ ಓಡಿದ.

ಹೊರಗೆ ಬೊಂಡ, ಅಂದರೆ ಎಳನೀರು, ಮಾರುತ್ತಿದ್ದ ಹೆಂಗಸಿನ ಹತ್ತಿರ ನಿಂತೆವು. ಕತ್ತಿಯಿಂದ ಮೂರೇ ಏಟಿಗೆ ಬೊಂಡ ಕೆತ್ತಿ ಕೈಗಿಟ್ಟ ಆಕೆ ಕುರ್ಚಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಇದಕ್ಕೆ ಎಷ್ಟಾಯ್ತು ಅಣ್ಣ?" ಎಂದು ಕೇಳಿದಳು. ಅವಳ ಅಣ್ಣ ಏಳು ವರ್ಷದ ಹಿಂದೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದವನು. ಅಂದಿನಿಂದ ಆಸ್ಪತ್ರೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಮನೆಯಿಂದ ಹೊರಗೆ ಬಂದಿಲ್ಲ. ಅಡಿಕೆ, ತೆಂಗಿನ ಈ ನಾಡಿನಲ್ಲಿ ಬೆನ್ನುಹುರಿ ಮುರಿದುಕೊಂಡವರ ಕತೆ ಕೇಳಿದರೆ ಬಹಳ ಸಲ ಅದು ಮರದಿಂದಲೇ ಶುರುವಾಗುತ್ತದೆ. ನನ್ನ ಕುರ್ಚಿಯ ಬೆಲೆ ಹೇಳಲು ಮನಸ್ಸು ಬರಲಿಲ್ಲ, ಆದರೂ ಹೇಳಿದೆ. ಅದರ ಜೊತೆಗೆ, ವಿಕಲಚೇತನರಿಗೆ ಸಾಧನಗಳನ್ನು ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅಲಿಮ್ಕೊ ಸಂಸ್ಥೆಯ ಕುರ್ಚಿಗಳು ಸಿಗುತ್ತವೆ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಮಾಡಿಸಿರಬೇಕು, ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಕುರ್ಚಿಗಿಂತ ಮೊದಲು ಒಳ್ಳೆಯ ಮೆತ್ತೆ ಕೊಡಿಸಿ ಎಂದೂ ಹೇಳಿದೆ. ಅವಳು ಇದನ್ನೆಲ್ಲ ಗಮನವಿಟ್ಟು ಕೇಳಿದಳು. ಕೊನೆಗೆ ಕೇಳಿದ್ದು ಬೇರೆಯೇ: "ಎಲ್ಲರೂ ನೋಡುವಾಗ ನಿಮಗೆ ಬೇಜಾರಾಗುದಿಲ್ವಾ?" ಮೊದಲ ಎರಡು ವರ್ಷ ನಾನೂ ಹೊರಗೆ ಬಂದಿರಲಿಲ್ಲ ಎಂದೆ. ಆಕೆ ಒಂದು ಬೊಂಡದ ದುಡ್ಡನ್ನು ತೆಗೆದುಕೊಳ್ಳಲೇ ಇಲ್ಲ.

2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯದ ಹೊತ್ತಿಗೆ ಬಿಸಿಲು ನೆತ್ತಿಯ ಮೇಲಿತ್ತು. ಕತ್ತಲಾಗಿ ತ್ರೀಡಿ ಕನ್ನಡಕದೊಳಗೆ ಶನಿಯ ಉಂಗುರಗಳು ಮುಖದ ಹತ್ತಿರವೇ ಬಂದಾಗ ಮಗಳು ನನ್ನ ತೋಳನ್ನು ಹಿಡಿದುಕೊಂಡಳು. ಆ ಹೊತ್ತಿನಲ್ಲಿ ಆ ಗುಮ್ಮಟದ ಕೆಳಗೆ ಎಲ್ಲರೂ ಕುಳಿತಿದ್ದರು, ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು.

ಮೂರನೆಯ ದಿನ: ನೀರಿನ ಪಾರ್ಕು

ಬುಧವಾರ ಹೋದದ್ದು ಈ ಪ್ರವಾಸದ ಮೂಲ ಉದ್ದೇಶದ ಜಾಗಕ್ಕೆ. ನೀರಿನಾಟಗಳೂ ಯಂತ್ರದ ಆಟಗಳೂ ಇರುವ ಒಂದು ಖಾಸಗಿ ಪಾರ್ಕು. ಹೆಸರು ಬೇಡ, ಏಕೆಂದರೆ ಅಲ್ಲಿ ಕಂಡದ್ದನ್ನು ನಾನು ಬೇರೆ ಊರುಗಳ ಪಾರ್ಕುಗಳಲ್ಲೂ ಕಂಡಿದ್ದೇನೆ. ಟಿಕೆಟ್ ಕೊಡುವವರು ನನ್ನ ತಲೆಯ ಮೇಲಿಂದ ಹೆಂಡತಿಯನ್ನು ನೋಡಿ "ಇವರಿಗೂ ಟಿಕೆಟ್ ಬೇಕಾ ಮೇಡಂ?" ಎಂದರು. ಬೇಕು ಎಂದು ನಾನೇ ಉತ್ತರಿಸಿದೆ. ಪೂರ್ತಿ ದುಡ್ಡು ತೆಗೆದುಕೊಂಡರು. ಪ್ರವೇಶದಲ್ಲಿ ತಿರುಗುವ ಕಂಬಿಯ ಗೇಟು. ಪಕ್ಕದ ಅಗಲವಾದ ಗೇಟಿಗೆ ಬೀಗ, ಬೀಗದ ಕೈ ಮೇಲ್ವಿಚಾರಕರ ಹತ್ತಿರ, ಮೇಲ್ವಿಚಾರಕರು ತಿಂಡಿಗೆ ಹೋಗಿದ್ದರು. ಇಪ್ಪತ್ತೈದು ನಿಮಿಷ ಕಾದೆವು. ಹೀಗೆ ಹೋಗುವವರು ಹಿಂದಿನ ದಿನವೇ ಫೋನು ಮಾಡಿ ಪಕ್ಕದ ಗೇಟು ತೆಗೆಸಿಡಲು ಹೇಳಿದರೆ ಈ ಕಾಯುವಿಕೆ ತಪ್ಪುತ್ತದೆ.

ಒಳಗೆ ಮೊದಲ ಆಟದ ಕಟ್ಟೆಗೆ ಇಳಿಜಾರೆಂದು ಕಬ್ಬಿಣದ ಹಾಳೆಯೊಂದನ್ನು ಇಟ್ಟಿದ್ದರು. ಟೇಪು ಹಿಡಿದು ನೋಡಿದೆ. ಎರಡು ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಕಟ್ಟಡಗಳ ಮಾನದಂಡ. ಆ ಲೆಕ್ಕದಲ್ಲಿ ಇಲ್ಲಿ ಇಪ್ಪತ್ತನಾಲ್ಕು ಅಡಿ ಬೇಕಿತ್ತು. ಆರು ಅಡಿಯ ಆ ಹಾಳೆಯ ಮೇಲೆ ತಳ್ಳಿಸಿಕೊಂಡು ಹೋದರೂ ಕುರ್ಚಿ ಹಿಂದಕ್ಕೆ ಮಗುಚುವ ಸಾಧ್ಯತೆಯೇ ಹೆಚ್ಚು. ಇಳಿಜಾರು ಇದೆ ಎಂದು ತೋರಿಸಲು ಇಟ್ಟದ್ದು ಬೇರೆ, ಹತ್ತಲು ಕಟ್ಟಿದ್ದು ಬೇರೆ.

ದೊಡ್ಡ ಆಟದ ಮುಂದೆ ನಿಂತಾಗ ಅಲ್ಲಿದ್ದ ಹುಡುಗ "ಅಂಗವಿಕಲರಿಗೆ ಇಲ್ಲ ಸರ್" ಎಂದ. ಯಾಕೆ ಎಂದು ಕೇಳಿದೆ. ರೂಲ್ಸು ಎಂದ. ವ್ಯವಸ್ಥಾಪಕರನ್ನು ಕರೆಸಿದೆ. ಅವರು ಬಂದವರು ನನ್ನ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಅಂದು ಮಾತಾಡುವಾಗ ನನ್ನ ಕಣ್ಣಿನ ಮಟ್ಟಕ್ಕೆ ಬಂದವರು ಅವರೊಬ್ಬರೇ. ತಲೆಕೆಳಗಾಗುವ ಆಟದಲ್ಲಿ ಹೆಗಲ ಮೇಲಿನ ಪಟ್ಟಿ ಎಷ್ಟು ಮುಖ್ಯವೋ ಕಾಲೂರಿ ಸೊಂಟ ಬಿಗಿಹಿಡಿಯುವುದೂ ಅಷ್ಟೇ ಮುಖ್ಯ, ಕರೆಂಟು ಹೋಗಿ ಆಟ ಮೇಲೆಯೇ ನಿಂತರೆ ಏಣಿಯಲ್ಲಿ ಇಳಿಯಬೇಕಾಗುತ್ತದೆ, ನಲವತ್ತು ಅಡಿ ಎತ್ತರದಲ್ಲಿ ನಿಮ್ಮನ್ನು ಇಳಿಸುವ ವ್ಯವಸ್ಥೆ ನಮ್ಮಲ್ಲಿಲ್ಲ ಎಂದು ಬಿಡಿಸಿ ಹೇಳಿದರು. ಆ ಕಾರಣಗಳು ಸರಿಯಾಗಿದ್ದವು. ಆಗುಂಬೆಯ ತಿರುವುಗಳಲ್ಲೇ ವಾಲುವ ನಾನು ಅದನ್ನು ಒಪ್ಪಿದೆ. ಹಾಗಾದರೆ ಆಟಿಕೆಯ ರೈಲಿಗೆ ಈ ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆ, ಕುದುರೆಗಳ ನಡುವೆ ಬೆಂಚು ಇರುವ ತಿರುಗಣೆಗೆ ಯಾವುದು, ಟ್ಯೂಬಿನಲ್ಲಿ ಕುಳಿತು ನಿಧಾನ ತೇಲುವ ನೀರಿಗೆ ಯಾವುದು ಎಂದು ಒಂದೊಂದಾಗಿ ಕೇಳಿದೆ. ಅವರು ಪ್ರತಿಯೊಂದಕ್ಕೂ ಯೋಚಿಸಿ "ಯಾವುದೂ ಇಲ್ಲ" ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ, 2017ರಲ್ಲಿ ನಿಯಮಗಳು ಬಂದ ಮೇಲೆ ಸೇವೆ ಒದಗಿಸುವವರಿಗೆ ಸಿಕ್ಕ ಕಾಲಾವಕಾಶ ಎರಡು ವರ್ಷ ಎಂದು ನಾನು ಹೇಳಿದಾಗ ಅವರು ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಒಂದು ಆಟಕ್ಕೆ ಯಾರನ್ನು ಬಿಡಬಾರದು ಎಂದು ಬರೆಯುವ ಫಲಕದಲ್ಲಿ ಅಂಗವಿಕಲರು ಎಂಬ ಒಂದೇ ಪದದ ಬದಲು ಸೊಂಟದ ಹಿಡಿತ, ಕೈಯ ಬಲ, ಏಣಿ ಇಳಿಯುವ ಶಕ್ತಿ ಎಂದು ಬರೆದರೆ ಯಾರು ಏನು ಮಾಡಬಲ್ಲರೆಂಬುದು ಅವರವರಿಗೇ ತಿಳಿಯುತ್ತದೆ ಎಂದೂ ಹೇಳಿದೆ.

ಹಾಗೆ ನಾನು ಮೊದಲ ಬಾರಿಗೆ ಮಗಳ ಜೊತೆ ರೈಲು ಹತ್ತಿದೆ, ಹಲಗೆಯ ಮೇಲೆ ಜಾರಿ. ತೇಲುವ ನೀರಿಗೆ ಇಳಿಯುವಾಗ ಇಬ್ಬರು ಕೆಲಸಗಾರರು ಬಂದರು. ಒಬ್ಬನನ್ನು ಬೆನ್ನ ಹಿಂದೆ ನಿಲ್ಲಿಸಿ ಕಂಕುಳ ಕೆಳಗೆ ಕೈಹಾಕಲು ಹೇಳಿದೆ, ಇನ್ನೊಬ್ಬನಿಗೆ ಮೊಣಕಾಲ ಕೆಳಗೆ ಹಿಡಿಯಲು. ನಾನು ಮೂರು ಎಂದ ಮೇಲೆಯೇ ಎತ್ತಬೇಕು ಎಂದೆ. ಹಾಗೆಯೇ ಮಾಡಿದರು. ನೀರಿನಲ್ಲಿ ನನ್ನ ಕಾಲುಗಳು ತಾವಾಗಿಯೇ ಮೇಲೆ ಬಂದು ತೇಲಿದವು. ಮಗಳು ನನ್ನ ಟ್ಯೂಬಿನ ಹಿಡಿಕೆಯನ್ನು ಬಿಡದೆ ಮೂರು ಸುತ್ತು ಹಾಕಿದಳು.

ಹಾನಿ ತಿಳಿದದ್ದು ರಾತ್ರಿ. ಬಿಳಿಯ ಟವೆಲಿನ ಮೇಲೆ ಕೆಂಪು ಕಲೆ ಕಂಡು ಹೆಂಡತಿ ನನ್ನ ಎಡ ಹಿಮ್ಮಡಿಯನ್ನು ಎತ್ತಿ ನೋಡಿದಳು. ಕೊಳದ ಅಂಚಿನ ಒರಟು ಸಿಮೆಂಟಿಗೆ ಉಜ್ಜಿ ಒಂದು ರೂಪಾಯಿಯಗಲದಷ್ಟು ಚರ್ಮ ಸುಲಿದಿತ್ತು. ನನಗೆ ಒಂದಿಷ್ಟೂ ನೋವಾಗಿರಲಿಲ್ಲ. ನಮ್ಮಂಥವರಿಗೆ ಅಪಾಯವಿರುವುದು ಅಲ್ಲಿಯೇ. ಕಾಲುಚೀಲ ಹಾಕಿಕೊಂಡೇ ನೀರಿಗಿಳಿಯಬೇಕೆಂದು ನನಗೆ ಗೊತ್ತಿತ್ತು, ಸಂಭ್ರಮದಲ್ಲಿ ಮರೆತಿದ್ದೆ. ಹೆಂಡತಿ ಗಾಯ ತೊಳೆದು ಬ್ಯಾಂಡೇಜು ಕಟ್ಟಿ, ಒಂದು ಮಾತನ್ನೂ ಆಡದೆ, ನನ್ನ ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬಿಟ್ಟಳು.

ನಾಲ್ಕನೆಯ ದಿನ: ಪಡುಬಿದ್ರಿಯ ಮರಳು, ಜಾತ್ರೆಯ ತೊಟ್ಟಿಲು

ಗುರುವಾರ ಬೆಳಿಗ್ಗೆ ಬನ್ಸ್ ತಿಂದು ಮಂಗಳೂರು ಬಿಟ್ಟು ಉಡುಪಿಯ ದಾರಿ ಹಿಡಿದೆವು. ಅಪಘಾತದ ನಂತರ ನಾನು ಸಮುದ್ರವನ್ನು ನೋಡಿದ್ದು ಕಾರಿನ ಕಿಟಕಿಯಿಂದ ಮಾತ್ರ. ಮರಳೆಂದರೆ ಗಾಲಿಕುರ್ಚಿಯ ಕೊನೆ. ಮುಂದಿನ ಸಣ್ಣ ಚಕ್ರಗಳು ಹೂತುಕೊಂಡರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಪಡುಬಿದ್ರಿಯನ್ನು ಆರಿಸಿದ್ದಕ್ಕೆ ಕಾರಣವಿತ್ತು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದಾಗ ಕರ್ನಾಟಕದಿಂದ ಅದನ್ನು ಪಡೆದದ್ದು ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ಈ ಪಡುಬಿದ್ರಿ. ಆ ಮನ್ನಣೆಗೆ ಮುಟ್ಟಬೇಕಾದ 33 ಮಾನದಂಡಗಳಲ್ಲಿ ನೀರಿನ ಶುದ್ಧತೆ, ಜೀವರಕ್ಷಕರ ಜೊತೆಗೆ ವಿಕಲಚೇತನರಿಗೆ ದಾರಿ, ಸೌಕರ್ಯಗಳೂ ಸೇರಿವೆ.

ಗಟ್ಟಿ ದಾರಿ ಮುಗಿಯುವವರೆಗೆ ನಾನೇ ಚಕ್ರ ತಿರುಗಿಸಿಕೊಂಡು ಹೋದೆ. ಅಲ್ಲಿಂದ ಮುಂದೆ ಹಳೆಯ ಉಪಾಯ: ಟಯರಿನ ಗಾಳಿಯನ್ನು ಅರ್ಧ ಇಳಿಸಿ, ಕುರ್ಚಿಯನ್ನು ತಿರುಗಿಸಿ, ದೊಡ್ಡ ಚಕ್ರಗಳು ಮುಂದಾಗುವಂತೆ ಬೆನ್ನು ಮಾಡಿ ಎಳೆಸಿಕೊಳ್ಳುವುದು. ಹೆಂಡತಿ ಎಳೆಯುತ್ತಿದ್ದಾಗ ಜೀವರಕ್ಷಕ ಯುವಕನೊಬ್ಬ ಹತ್ತಿರ ಬಂದು ಎರಡು ಹೆಜ್ಜೆ ದೂರದಲ್ಲೇ ನಿಂತ. "ಅಕ್ಕ, ನಾನು ಹಿಡಿಯುವುದಾ?" ಎಂದು ಅವಳನ್ನು ಕೇಳಿ, ತಕ್ಷಣ ನನ್ನ ಕಡೆ ತಿರುಗಿ, "ಅಣ್ಣ, ಹಿಡಿಯುವುದಾ?" ಎಂದ. ಹಿಡಿ ಎಂದೆ. ಗಾಯದ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದನ್ನು ನೋಡಿ, ಒದ್ದೆ ಮರಳಿನ ಅಂಚಿನವರೆಗೆ ಮಾತ್ರ ಸಾಕೆಂದು ಅವನೇ ಹೇಳಿದ. ಅಲೆ ಬಂತು. ನೀರು ಕಾಲಿಗೆ ತಾಗಿದ್ದು ನನಗೆ ತಿಳಿಯಲಿಲ್ಲ. ಅದು ಹಿಂದಕ್ಕೆ ಸರಿಯುವಾಗ ಚಕ್ರದ ಕೆಳಗಿನ ಮರಳು ಕರಗಿ ಕುರ್ಚಿ ಅರ್ಧ ಇಂಚು ಕುಸಿದದ್ದು ಅಂಗೈಗೆ ತಿಳಿಯಿತು. ಮತ್ತೆ ಮತ್ತೆ ಅದನ್ನೇ ಕಾದು ಕುಳಿತೆ. ಮಗಳು ಪ್ರತಿ ಅಲೆಗೂ "ಈಗ ಮುಟ್ಟಿತು ಅಪ್ಪ, ಈಗ ಬಿಟ್ಟಿತು" ಎಂದು ನನಗೆ ವರದಿ ಕೊಡುತ್ತಿದ್ದಳು.

ಉಪ್ಪುನೀರು ಬೇರಿಂಗಿನೊಳಗೆ ಕುಳಿತರೆ ವಾರದೊಳಗೆ ಚಕ್ರ ಕಿರಿಚುತ್ತದೆ. ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದೆವು. ಅಲ್ಲೇ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ದೋಣಿಯ ಎಂಜಿನ್ನಿಗೆ ಹಾಕುವ ಗ್ರೀಸಿನ ಡಬ್ಬಿ ತಂದು, ಬೆರಳಿನಿಂದ ಅಚ್ಚಿಗೆ ತಾವೇ ಸವರಿದರು.

ಉಡುಪಿಯಲ್ಲಿ ಕೋಣೆ ಸೇರಿ, ಊಟ ಮಾಡಿ, ರಥಬೀದಿಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಸಂಜೆಯಾಯಿತು. ಹತ್ತಿರದ ಒಂದು ಊರಿನಲ್ಲಿ ಜಾತ್ರೆಯೆಂದು ಕೇಳಿ ಅಲ್ಲಿಗೆ ಹೊರಟೆವು. ಗದ್ದೆಯಲ್ಲಿ ಚರುಮುರಿಯ ಗಾಡಿಗಳು, ಬಳೆಯಂಗಡಿಗಳು, ಅವುಗಳಾಚೆ ಬಣ್ಣದ ದೀಪ ಹಚ್ಚಿದ ಜಾಯಿಂಟ್ ವೀಲು. ಎಂಟೇ ತೊಟ್ಟಿಲುಗಳ ಸಣ್ಣದು. ನಾನು ಅಭ್ಯಾಸದಂತೆ ಮಗಳ ಚಪ್ಪಲಿಗೆ ಕೈಚಾಚಿದೆ. ನಡೆಸುತ್ತಿದ್ದ ಹುಡುಗ ಬಯಲುಸೀಮೆಯ ಕಡೆಯವನು. ನನ್ನನ್ನೂ ಕುರ್ಚಿಯನ್ನೂ ತೊಟ್ಟಿಲನ್ನೂ ನೋಡಿ, "ನೀವು ಹತ್ತೋದಿಲ್ಲೇನ್ರಿ? ಹತ್ತೋದಾದ್ರ ಹೆಂಗ್ ಹತ್ತತೀರಿ ಹೇಳ್ರಿ, ನಾ ಏನ್ ಮಾಡ್ಲಿ?" ಎಂದ.

ಹಿಂದಿನ ದಿನ ಪಾರ್ಕಿನವರು ಹೇಳಿದ್ದೆಲ್ಲ ನೆನಪಿತ್ತು, ಅದನ್ನೇ ಅವನಿಗೆ ಕೇಳಿದೆ. ಕರೆಂಟು ಹೋದರೆ? ಕೈಯಿಂದಲೇ ತಿರುಗಿಸಿ ಒಂದೊಂದು ತೊಟ್ಟಿಲನ್ನೂ ಕೆಳಗಿಳಿಸುತ್ತೇನೆಂದು ಇಳಿಸಿ ತೋರಿಸಿದ. ತೊಟ್ಟಿಲು ಎಷ್ಟು ವಾಲುತ್ತದೆ? ಖಾಲಿಯಾಗಿ ಒಂದು ಸುತ್ತು ತಿರುಗಿಸಿದ. ಅಡ್ಡಕಂಬಿಯನ್ನು ಎಳೆದು ನೋಡಿದೆ, ಬಿಗಿಯಾಗಿತ್ತು. ಕುರ್ಚಿಯ ಎತ್ತರಕ್ಕೆ ತೊಟ್ಟಿಲನ್ನು ತಂದು ನಿಲ್ಲಿಸಿ, ಅಲುಗಾಡದಂತೆ ತನ್ನ ಎದೆಯಿಂದಲೇ ಅದನ್ನು ಒತ್ತಿ ಹಿಡಿದ. ನಾನು ಹಲಗೆಯ ಮೇಲೆ ಜಾರಿದೆ. ಹೆಂಡತಿ ತನ್ನ ಶಾಲಿನಿಂದ ನನ್ನ ಎರಡೂ ಕಾಲುಗಳನ್ನು ಜೋಡಿಸಿ ಕಟ್ಟಿ ಒಂದು ಬದಿಗೆ ಕುಳಿತಳು, ಮಗಳು ಇನ್ನೊಂದು ಬದಿಗೆ. "ಈ ಚೀಲ ಎಲ್ಲಿಡ್ಲಿ?" ಎಂದು ಹೆಂಡತಿ ಕೇಳಿದಳು. ಹುಡುಗ ಅದನ್ನು ಇಸಿದುಕೊಂಡ.

ಮೊದಲ ಸುತ್ತಿನಲ್ಲಿ ನಾನು ಕಂಬಿಯನ್ನು ಬಿಟ್ಟು ಏನನ್ನೂ ನೋಡಲಿಲ್ಲ. ಎರಡನೆಯ ಸುತ್ತಿಗೆ ತುದಿಯಲ್ಲಿ ತೊಟ್ಟಿಲು ಒಂದು ಕ್ಷಣ ನಿಂತಾಗ ಮಗಳು ಕೆಳಗೆ ಬೆರಳು ತೋರಿಸಿದಳು. ದೀಪಗಳ ನಡುವೆ, ಗದ್ದೆಯ ಅಂಚಿನಲ್ಲಿ, ನನ್ನ ಖಾಲಿ ಗಾಲಿಕುರ್ಚಿ ನಿಂತಿತ್ತು. ಅದರ ಆಸನದ ಮೇಲೆ ನಮ್ಮ ಚೀಲ, ಚೀಲದ ಮೇಲೆ ಮಗಳ ಚಪ್ಪಲಿ.